ಮೊದಲ ಉಡಿ ಯಾರದು?

ಪ್ರಶ್ನೆ: ಮಗಳಿಗೆ ಏಳನೇ ತಿಂಗಳು, ಚೊಚ್ಚಲ. ಮುಂದಿನ ವಾರ ಗಂಡನ ಮನೆಯಲ್ಲಿ ಕುಬಸ (ಸೀಮಂತ). ನನ್ನ ಯಜಮಾನರು ತೀರಿಕೊಂಡಿದ್ದಾರೆ. ‘ಉಡಿ ಮುತ್ತೈದೆಯರು ತುಂಬಲಿ, ನೀವು ಬುತ್ತಿ ಕಡೆ ನೋಡಿಕೊಳ್ರಿ’ ಎಂದು ಬೀಗತಿ ಹೇಳಿ ಕಳಿಸಿದ್ದಾರೆ. ಮಗಳು ‘ಅವ್ವ ತುಂಬದಿದ್ರ ಕುಬಸಾನೇ ಬ್ಯಾಡ’ ಅಂತ ಕೂತಿದ್ದಾಳೆ. ಏನು ಮಾಡಲಿ?
– ಒಬ್ಬ ತಾಯಿ, ಗದಗ

ಉತ್ತರ: ನೀವೇ ತುಂಬಿ ಅಕ್ಕಾ.

ಬುತ್ತಿಯ ಶೇಂಗಾ ಹೋಳಿಗೆ, ಕರಿಗಡಬು ಮಾಡಲು ನಿಮ್ಮ ಕೈ ನಡೆಯುತ್ತದೆ. ಉಡಿಗೆ ಅಕ್ಕಿ ಹಾಕಲು ಮಾತ್ರ ನಡೆಯುವುದಿಲ್ಲ, ಇದ್ಯಾವ ಲೆಕ್ಕ?

ಆರ್ನಾಲ್ಡ್ ವ್ಯಾನ್ ಗೆನೆಪ್ ಎಂಬ ವಿದ್ವಾಂಸರು ಊರೂರಿನ ಇಂಥ ಶಾಸ್ತ್ರಗಳನ್ನು ಹೋಲಿಸಿ, 1909ರಲ್ಲೇ ಒಂದು ಮಾತು ಹೇಳಿದ್ದರು: ಇವಕ್ಕೆಲ್ಲ ಮೂರು ಹೆಜ್ಜೆ. ಮೊದಲು ಹಳೇ ಜಾಗ ಬಿಡುವುದು, ಆಮೇಲೆ ಹೊಸ್ತಿಲ ಮೇಲೆ ನಿಲ್ಲುವುದು, ಕಡೆಗೆ ಹೊಸ ಜಾಗಕ್ಕೆ ಸೇರುವುದು. ನಮ್ಮಲ್ಲೂ ಅದೇ ತಾನೇ? ಕುಬಸ ಮುಗಿಸಿ ಹುಡುಗಿ ತವರಿಗೆ ಹೊರಡುತ್ತಾಳೆ, ಅಲ್ಲಿ ಬಾಣಂತನ, ಆಮೇಲೆ ಕೂಸು ಎತ್ತಿಕೊಂಡು ಗಂಡನ ಮನೆಗೆ. ನಡುವಿನ ಆ ತಿಂಗಳುಗಳಲ್ಲಿ ಎರೆಯುವವರು, ಅಂಟಿನುಂಡಿ ತಿನ್ನಿಸುವವರು, ನಡುರಾತ್ರಿ ಕೂಸು ಅತ್ತರೆ ಏಳುವವರು ನೀವು. (ಹೊರಸಿನ ಕೆಳಗೆ ಕೆಂಡ ಮಾತ್ರ ಇಡಬೇಡಿ. ಹೊಗೆ ಕೂಸಿಗೆ ಒಳ್ಳೆಯದಲ್ಲ.) ಮಗಳನ್ನು ಕರೆದೊಯ್ಯುವವರೇ ಉಡಿ ತುಂಬದಿದ್ದರೆ ಆ ಶಾಸ್ತ್ರಕ್ಕೆ ಅರ್ಥವೇ ಇಲ್ಲ.

ಧಾರವಾಡದ ನಮ್ಮ ಓಣಿಯಲ್ಲಿ ಒಬ್ಬ ಅಜ್ಜಿ ಇದ್ದಳು, ಗಂಡನಿಲ್ಲದಾಕೆ. ಮೊಮ್ಮಗಳ ಕುಬಸದ ದಿನ ‘ಸರೀರಿ’ ಅಂತ ಸೀದಾ ಮುಂದೆ ಬಂದಳು. ಹಸಿರು ಇಳಕಲ್ ಸೀರೆಯ ಸೆರಗಿಗೆ ಅಕ್ಕಿ ಸುರಿದು, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಅಡಿಕೆ ಒಂದೊಂದಾಗಿ ಇಟ್ಟಳು. ಸೋಬಾನ ಹಾಡುತ್ತಿದ್ದವರು ಗಕ್ಕನೆ ನಿಂತರು. ಅಜ್ಜಿ ತಲೆ ಎತ್ತಿ, ‘ಯಾಕ, ಪದ ಮರ್ತೀರೇನು?’ ಎಂದಳು. ಮತ್ತೆ ಶುರು ಮಾಡಿದರು. ಊಟ ಬಿಟ್ಟು ಎದ್ದು ಹೋದವರು ಯಾರೂ ಇಲ್ಲ. ಮಾದಲಿಗೆ ಹಾಲು, ತುಪ್ಪ ಬಿದ್ದ ಮೇಲೆ ಯಾರು ಹೋಗ್ತಾರೆ!

ಹಾಗಂತ ಅವತ್ತೇ ಮಂದಿ ಮುಂದೆ ಜಗಳ ತೆಗೆಯಬೇಡಿ. ಬೀಗತಿಯನ್ನು ಕೆಟ್ಟವರು ಅಂದುಕೊಳ್ಳುವುದೂ ಬೇಡ. ಹೆರಿಗೆ ಅಂದರೆ ಎಲ್ಲರಿಗೂ ಒಳಗೊಳಗೇ ಭಯ, ಏನೂ ಕೆಡದಿರಲಿ ಅಂತ ಶಾಸ್ತ್ರ ಹಿಡಿದು ಕೂರುತ್ತಾರೆ. ಇವತ್ತೇ ಫೋನ್ ಮಾಡಿ, ‘ಮೊದಲ ಉಡಿ ನಂದು, ಎರಡನೇದು ನಿಮ್ದು ಅಕ್ಕಾರ’ ಅನ್ನಿ. ಒಪ್ಪದಿದ್ದರೆ ಮಗಳು ಅಳಿಯನ ಕಿವಿಗೆ ಹಾಕಲಿ, ಅವನ ತಾಯಿಗೆ ಅವನೇ ಹೇಳಲಿ.

ಇನ್ನೊಂದು, ಹಸಿರು ಬಳೆಯನ್ನು ಹಳೇ ಅಳತೆಗೆ ತರಬೇಡಿ. ಈ ತಿಂಗಳಲ್ಲಿ ಕೈ ಸ್ವಲ್ಪ ಬಾತಿರುತ್ತದೆ.