ದಮ್ಮು ಮತ್ತು ಬಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೆ 23 ವರ್ಷ, ತೂಕ 62 ಕಿಲೋ. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ಸಹಿಷ್ಣುತೆ ಪರೀಕ್ಷೆಗೆ ತಯಾರಾಗುತ್ತಿದ್ದೇನೆ. 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು, 7.26 ಕಿಲೋ ತೂಕದ ಗುಂಡನ್ನು 5.60 ಮೀಟರ್ ಎಸೆಯಬೇಕು. ನಾಲ್ಕು ತಿಂಗಳಿಂದ ಒಂದು ದಿನವೂ ತಪ್ಪಿಸದೆ ಬೆಳಿಗ್ಗೆ 5 ಕಿ.ಮೀ. ದೂರವನ್ನು ಏದುಸಿರು ಬರುವಂತೆ ಓಡುತ್ತೇನೆ, ಸಂಜೆ ಜಿಮ್‌ಗೆ ಹೋಗುತ್ತೇನೆ. ಮೊದಲ ಎರಡು ತಿಂಗಳು ಚೆನ್ನಾಗಿ ಸುಧಾರಿಸಿತು. ಈಗ 1600 ಮೀಟರ್ 7 ನಿಮಿಷ 5 ಸೆಕೆಂಡಿನಲ್ಲಿ ಅಲ್ಲಾಡದೆ ನಿಂತಿದೆ, ಜಿಮ್‌ನಲ್ಲಿ ಎತ್ತುತ್ತಿದ್ದ ಭಾರವೂ ಕಡಿಮೆಯಾಗುತ್ತಿದೆ. ಕಳೆದ ಸಲ ನಾಲ್ಕು ಸುತ್ತುಗಳಿಗೆ ತೆಗೆದುಕೊಂಡ ಸಮಯ ಕ್ರಮವಾಗಿ 82, 108, 118 ಮತ್ತು 117 ಸೆಕೆಂಡು. ಗೆಳೆಯರು ಜಿಮ್ ಬಿಟ್ಟುಬಿಡು ಎನ್ನುತ್ತಾರೆ. ಪರೀಕ್ಷೆಗೆ ಇನ್ನು ಹತ್ತು ವಾರ ಉಳಿದಿರಬಹುದು. ಏನು ಮಾಡಲಿ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಸುತ್ತುಗಳ ಸಮಯವನ್ನು ಬರೆದು ಕಳುಹಿಸಿದ್ದು ಒಳ್ಳೆಯದಾಯಿತು, ಏಕೆಂದರೆ ನಿಮ್ಮ ತೊಂದರೆಯ ಅರ್ಧ ಭಾಗ ಆ ನಾಲ್ಕು ಅಂಕಿಗಳಲ್ಲೇ ಇದೆ. ಆರೂವರೆ ನಿಮಿಷವೆಂದರೆ 390 ಸೆಕೆಂಡು. ನಾಲ್ಕು ಸುತ್ತಿಗೆ ಹಂಚಿದರೆ ಸುತ್ತಿಗೆ 97 ಸೆಕೆಂಡಿಗಿಂತ ತುಸು ಹೆಚ್ಚು. ನೀವು ಮೊದಲ ಸುತ್ತನ್ನು 82ರಲ್ಲಿ ಮುಗಿಸಿ ಹದಿನೈದು ಸೆಕೆಂಡು ಉಳಿಸಿದೆನೆಂದು ಭಾವಿಸುತ್ತೀರಿ. ಆದರೆ ಅದಕ್ಕೆ ಬಡ್ಡಿ ಸೇರಿಸಿ ಉಳಿದ ಮೂರು ಸುತ್ತುಗಳಲ್ಲಿ ಐವತ್ತು ಸೆಕೆಂಡು ತೆರುತ್ತಿದ್ದೀರಿ. ಇಷ್ಟು ದೂರದ ಓಟದಲ್ಲಿ ಬೇಕಾಗುವ ಶಕ್ತಿಯ ಐದರಲ್ಲಿ ಸುಮಾರು ನಾಲ್ಕು ಪಾಲು ಆಮ್ಲಜನಕದ ನೆರವಿನಿಂದಲೇ ಹುಟ್ಟಬೇಕು. ಶುರುವಿನಲ್ಲೇ ಅದರ ಮಿತಿ ಮೀರಿ ಓಡಿದರೆ ಸ್ನಾಯುವಿನೊಳಗೆ ಆಮ್ಲೀಯತೆ ಏರಿ, ಕಾಲು ಹೇಳಿದ ಮಾತು ಕೇಳುವುದಿಲ್ಲ. ನಾಳೆಯೇ ಗಡಿಯಾರ ಹಿಡಿದು ಮೊದಲ ಸುತ್ತನ್ನು 98ರಲ್ಲಿ ಓಡಿ ನೋಡಿ. ನಿಧಾನವಾಯಿತೆಂದು ಮನಸ್ಸು ಚಡಪಡಿಸುತ್ತದೆ, ಪಕ್ಕದವರು ಮುಂದೆ ಹೋಗುತ್ತಾರೆ; ಹೋಗಲಿ ಬಿಡಿ. ಬೇರೇನನ್ನೂ ಬದಲಿಸದಿದ್ದರೂ ಇದೊಂದರಿಂದಲೇ ಹತ್ತು ಸೆಕೆಂಡಿನಷ್ಟು ಸಿಕ್ಕರೆ ನನಗೆ ಆಶ್ಚರ್ಯವಾಗದು.

ಇನ್ನರ್ಧ ತೊಂದರೆ ದಣಿವಿನದು. ಬಲ ಮತ್ತು ದಮ್ಮು ಎರಡನ್ನೂ ಒಟ್ಟಿಗೆ ವಿಪರೀತವಾಗಿ ಬೆನ್ನಟ್ಟಿದರೆ ಏನಾಗುತ್ತದೆಂಬುದನ್ನು ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ರಾಬರ್ಟ್ ಹಿಕ್ಸನ್ 1980ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೋರಿಸಿದರು. ಹತ್ತು ವಾರಗಳ ಕಾಲ ಒಂದು ಗುಂಪು ವಾರಕ್ಕೆ ಐದು ದಿನ ಭಾರ ಎತ್ತಿತು, ಇನ್ನೊಂದು ವಾರಕ್ಕೆ ಆರು ದಿನ ಸಹಿಷ್ಣುತೆಯ ತರಬೇತಿ ಪಡೆಯಿತು, ಮೂರನೆಯದು ಎರಡನ್ನೂ ಮಾಡಿತು. ಮೂರನೆಯ ಗುಂಪಿನವರ ದಮ್ಮು ಎರಡನೆಯ ಗುಂಪಿನಷ್ಟೇ ಬೆಳೆಯಿತು. ಆದರೆ ಅವರ ಬಲ ಏಳನೆಯ ವಾರದ ಹೊತ್ತಿಗೆ ನಿಂತು, ಕೊನೆಯ ವಾರಗಳಲ್ಲಿ ಇಳಿಯತೊಡಗಿತು. ನಿಮ್ಮ ಎರಡು ತಿಂಗಳ ಕಥೆಯನ್ನು ಓದುವಾಗ ನನಗೆ ನೆನಪಾದದ್ದು ಆ ಪ್ರಯೋಗವೇ. ಗಮನಿಸಬೇಕಾದದ್ದೆಂದರೆ, ಹಿಕ್ಸನ್ ಕೊಟ್ಟದ್ದು ವಾರಕ್ಕೆ ಹನ್ನೊಂದು ಪಾಳಿಯ ತರಬೇತಿ. ಪಾಳಿಗಳು ಮಿತವಾಗಿದ್ದು ನಡುವೆ ಬಿಡುವಿದ್ದಾಗ ಈ ತೊಡಕು ಬಹಳ ಮಟ್ಟಿಗೆ ಕರಗುತ್ತದೆಂದು ಆಮೇಲಿನ ಸಂಶೋಧನೆಗಳು ತೋರಿಸಿವೆ. ಆದ್ದರಿಂದ ಜಿಮ್ ಬಿಡುವ ಅಗತ್ಯವಿಲ್ಲ, ಬಿಡಲೂಬಾರದು. 2008ರಲ್ಲಿ ನಾರ್ವೆಯ ಸಂಶೋಧಕರು ನುರಿತ ಓಟಗಾರರಿಗೆ ಎಂಟು ವಾರ ಭಾರವಾದ ಸ್ಕ್ವಾಟ್‌ಗಳನ್ನು (ಹೆಗಲ ಮೇಲೆ ಭಾರ ಹೊತ್ತು ಬಸ್ಕಿ), ಒಂದು ಸರದಿಗೆ ನಾಲ್ಕೇ ಬಾರಿಯಂತೆ, ಮಾಡಿಸಿದಾಗ ಅವರ ತೂಕ ಏರಲಿಲ್ಲ. ಅದೇ ವೇಗದಲ್ಲಿ ಓಡಲು ಬೇಕಾಗುತ್ತಿದ್ದ ಆಮ್ಲಜನಕ ಮಾತ್ರ ಸುಮಾರು ಶೇ 5ರಷ್ಟು ಕಡಿಮೆಯಾಯಿತು. ಭಾರ ಎತ್ತಿದರೆ ಓಟ ಕೆಡುತ್ತದೆಂಬ ನಿಮ್ಮ ಗೆಳೆಯರ ಮಾತಿಗೆ ಇಷ್ಟು ಉತ್ತರ ಸಾಕು.

ಹಾಗಾದರೆ ವಾರವನ್ನು ಹೇಗೆ ಕಟ್ಟಬೇಕು? ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ವೇಗದ ಓಟ, ಅದೇ ದಿನ ಸಂಜೆ ಜಿಮ್. ಕಷ್ಟದ ಕೆಲಸಗಳೆರಡನ್ನೂ ಒಂದೇ ದಿನಕ್ಕೆ ತಳ್ಳುವುದು ವಿಚಿತ್ರವೆನಿಸಬಹುದು, ಆದರೆ ಹಾಗೆ ಮಾಡಿದಾಗಲೇ ಮರುದಿನ ನಿಜವಾಗಿ ಹಗುರವಾಗಿ ಉಳಿಯುತ್ತದೆ. ಇಂದು ಓಟ ನಾಳೆ ಭಾರ ಎಂದು ಹಂಚಿಕೊಂಡವರಿಗೆ ವಾರವಿಡೀ ಅರೆದಣಿವೇ ಗತಿ. ಮಂಗಳವಾರ 400 ಮೀಟರ್ ದೂರವನ್ನು 97 ಸೆಕೆಂಡಿನಂತೆ ಆರು ಬಾರಿ ಓಡಿ, ನಡುವೆ ಎರಡು ನಿಮಿಷ ನಡೆಯಿರಿ. ಎರಡು ವಾರಕ್ಕೊಮ್ಮೆ ಒಂದು ಬಾರಿ ಹೆಚ್ಚಿಸಿ ಎಂಟಕ್ಕೆ ತಂದ ಮೇಲೆ 95ಕ್ಕೆ ಇಳಿಸಿ. ಶುಕ್ರವಾರ ಮೊದಲ ಕೆಲವು ವಾರ 600 ಮೀಟರ್, ಆಮೇಲೆ 800 ಮೀಟರ್, ಅದೇ ವೇಗದಲ್ಲಿ ಮೂರು ಬಾರಿ. ಸೋಮವಾರ, ಗುರುವಾರ, ಶನಿವಾರ 35–40 ನಿಮಿಷದ ಸಾವಧಾನದ ಓಟ. ಸಾವಧಾನವೆಂದರೆ ಪಕ್ಕದಲ್ಲಿ ಓಡುವವರಿಗೆ ನಿನ್ನೆಯ ಕ್ರಿಕೆಟ್ ಪಂದ್ಯದ ಕಥೆಯನ್ನು ಪೂರ್ತಿ ವಾಕ್ಯಗಳಲ್ಲಿ ಹೇಳಲು ಸಾಧ್ಯವಾಗುವಷ್ಟು. ದಿನವೂ ಏದುಸಿರಿನಲ್ಲಿ ಓಡುವವರು ವೇಗದ ದಿನ ಬೇಕಾದಷ್ಟು ವೇಗವಾಗಿ ಓಡಲಾರದೆ, ನಿಧಾನದ ದಿನ ಬೇಕಾದಷ್ಟು ನಿಧಾನವಾಗಿಯೂ ಓಡದೆ ನಡುವಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ನೀವೂ ಸಿಕ್ಕಿಕೊಂಡಿರುವುದು ಅಲ್ಲಿಯೇ. ಬುಧವಾರ ಮತ್ತು ಭಾನುವಾರ ಏನೂ ಬೇಡ. ಜಿಮ್‌ನಲ್ಲಿ ಸ್ಕ್ವಾಟ್, ಡೆಡ್‌ಲಿಫ್ಟ್ (ನೆಲದ ಮೇಲಿನ ಭಾರವನ್ನು ಹಿಡಿದು ನೆಟ್ಟಗೆ ನಿಲ್ಲುವುದು), ತಲೆಯ ಮೇಲಕ್ಕೆ ಭಾರ ಒತ್ತುವುದು, ಈ ಮೂರು ಸಾಕು: ಐದೈದರ ಮೂರು ಸರದಿ, ನಡುವೆ ಎರಡು ಮೂರು ನಿಮಿಷ ವಿರಾಮ, ಇನ್ನೂ ಒಂದೆರಡು ಎತ್ತಬಲ್ಲೆ ಎನ್ನುವಾಗಲೇ ನಿಲ್ಲಿಸುವುದು. ಗುಂಡು ಎಸೆತದಲ್ಲಿ 5.60 ಮೀಟರ್ ತಲುಪಲು ತೋಳಿನ ಬಲಕ್ಕಿಂತ ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ ತಳ್ಳು ಸಾಗುವ ಕ್ರಮ ಮುಖ್ಯ. ಜಿಮ್‌ಗೆ ಮೊದಲು ಹತ್ತು ಹದಿನೈದು ಎಸೆತ ಅಭ್ಯಾಸ ಮಾಡಿ.

ಎರಡು ದಿನ ಸುಮ್ಮನಿರುವುದೇ ನಿಮಗೆ ಎಲ್ಲಕ್ಕಿಂತ ಕಷ್ಟವಾಗುತ್ತದೆಂದು ಬಲ್ಲೆ, ಆದ್ದರಿಂದ ಒಂದು ಹಳೆಯ ಸಂಗತಿಯನ್ನು ಹೇಳುತ್ತೇನೆ. 1609 ಮೀಟರಿನ ಒಂದು ಮೈಲಿಯನ್ನು ನಾಲ್ಕು ನಿಮಿಷದೊಳಗೆ ಮೊದಲು ಓಡಿದ ಇಂಗ್ಲೆಂಡಿನ ರೋಜರ್ ಬ್ಯಾನಿಸ್ಟರ್ ಆಗ ವೈದ್ಯಕೀಯ ವಿದ್ಯಾರ್ಥಿ. 440 ಗಜದ ಹತ್ತು ಓಟಗಳು, ನಡುವೆ ಎರಡೆರಡು ನಿಮಿಷ ಬಿಡುವು, ಇದು ಅವರ ಮುಖ್ಯ ಅಭ್ಯಾಸ. ಚಳಿಗಾಲದಲ್ಲಿ 66 ಸೆಕೆಂಡಿನಂತೆ ಆರಂಭಿಸಿ 1954ರ ಏಪ್ರಿಲ್ ಹೊತ್ತಿಗೆ 61ಕ್ಕೆ ಇಳಿಸಿದ್ದರು. ಅಲ್ಲಿಂದ ಮುಂದೆ ಎಷ್ಟು ಹೆಣಗಿದರೂ ಇಳಿಯಲೊಲ್ಲದು. ಓಟವನ್ನು ಬದಿಗಿಟ್ಟು ಗೆಳೆಯ ಕ್ರಿಸ್ ಬ್ರಾಷರ್ ಜೊತೆ ಸ್ಕಾಟ್ಲೆಂಡಿಗೆ ಹೋಗಿ ಕೆಲವು ದಿನ ಬಂಡೆ ಹತ್ತಿ ಬಂದರು. ಮರಳಿ ಮೈದಾನಕ್ಕೆ ಇಳಿದಾಗ ಹತ್ತೂ ಓಟಗಳು 59 ಸೆಕೆಂಡಿನಲ್ಲಿ ಸಾಧ್ಯವಾದವು. ಮೇ 6ರಂದು ಆಕ್ಸ್‌ಫರ್ಡ್‌ನಲ್ಲಿ 3 ನಿಮಿಷ 59.4 ಸೆಕೆಂಡಿನ ಆ ಓಟಕ್ಕೆ ಮುಂಚಿನ ಐದು ದಿನವೂ ಅವರು ಅಭ್ಯಾಸ ಮಾಡಲಿಲ್ಲ. ಅಭ್ಯಾಸದಿಂದ ಗಳಿಸಿದ್ದು ಅವರಲ್ಲಿ ಆಗಲೇ ಇತ್ತು, ದಣಿವು ಅದನ್ನು ಮುಚ್ಚಿತ್ತು. ನೀವೂ ಮೊದಲು ನಾಲ್ಕು ದಿನ ಪೂರ್ತಿ ವಿಶ್ರಾಂತಿ ಪಡೆದು ಆಮೇಲೆ ಈ ಕ್ರಮವನ್ನು ಆರಂಭಿಸಿ. ಪರೀಕ್ಷೆಗೆ ಹತ್ತು ದಿನವಿದೆ ಎನ್ನುವಾಗ ಓಡುವ ಒಟ್ಟು ದೂರವನ್ನು ಅರ್ಧಕ್ಕೆ ಇಳಿಸಿ, ವೇಗವನ್ನು ಮಾತ್ರ ಇಳಿಸಬೇಡಿ.

ಪ್ರಶ್ನೆ: ನಾನು 58 ವರ್ಷದ ನಿವೃತ್ತ ಶಿಕ್ಷಕಿ. ದಿನವೂ ಒಂದು ಗಂಟೆ ನಡೆಯುತ್ತೇನೆ, ಸಕ್ಕರೆ ಕಾಯಿಲೆ ಇಲ್ಲ. ಆದರೂ ನೆಲದ ಮೇಲೆ ಕುಳಿತವಳು ಗೋಡೆ ಹಿಡಿಯದೆ ಏಳಲಾರೆ. ಮಗಳು ಡಂಬೆಲ್ ತಂದುಕೊಟ್ಟಿದ್ದಾಳೆ. ಈ ವಯಸ್ಸಿನಲ್ಲಿ ಭಾರ ಎತ್ತುವುದು ಸರಿಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮಗಳು ಮಾಡಿದ್ದು ಸರಿಯಾಗಿದೆ. ನಡಿಗೆಯಿಂದ ಹೃದಯಕ್ಕೆ ಆಗುವ ಒಳಿತು ದೊಡ್ಡದು, ಆದರೆ ಸಮತಟ್ಟಾದ ರಸ್ತೆಯಲ್ಲಿ ನಡೆಯುವಾಗ ತೊಡೆಯ ಸ್ನಾಯುಗಳು ತಮ್ಮ ಬಲದ ಸಣ್ಣ ಪಾಲನ್ನಷ್ಟೇ ಬಳಸುತ್ತವೆ. ನೆಲದಿಂದ ಏಳುವಾಗ ಬೇಕಾಗುವುದು ದೊಡ್ಡ ಪಾಲು. ಬಳಸದೆ ಉಳಿದ ಸ್ನಾಯುತಂತುಗಳು, ಅದರಲ್ಲೂ ಚುರುಕಾಗಿ ಸಂಕುಚಿಸುವ ತಂತುಗಳು, ವಯಸ್ಸಾದಂತೆ ಮೊದಲು ಸೊರಗುತ್ತವೆ.

ವಯಸ್ಸು ಮೀರಿತೆಂಬ ಅಳುಕಿಗೆ ಒಂದು ಪ್ರಯೋಗವನ್ನು ಹೇಳಬೇಕು. ಅಮೆರಿಕದಲ್ಲಿ ಮಾರಿಯಾ ಫಿಯಾಟರೋನ್ ಮತ್ತು ಸಂಗಡಿಗರು ವೃದ್ಧಾಶ್ರಮದಲ್ಲಿದ್ದ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ತರಬೇತಿ ಕೊಟ್ಟು, ಫಲಿತಾಂಶವನ್ನು 1990ರಲ್ಲಿ ಪ್ರಕಟಿಸಿದರು. ಅವರ ಸರಾಸರಿ ವಯಸ್ಸು 90 ವರ್ಷ. ಕೊನೆಯವರೆಗೆ ಉಳಿದ ಒಂಬತ್ತು ಮಂದಿಯ ತೊಡೆಯ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತ್ತು. ಅವರಿಗೆ ಕೊಟ್ಟದ್ದು ಆಟಿಕೆಯಂಥ ಭಾರವಲ್ಲ, ಗರಿಷ್ಠ ಸಾಮರ್ಥ್ಯದ ಶೇ 80ರವರೆಗಿನ ಭಾರ. ನಿಮಗೆ ಅವರಿಗಿಂತ ಮೂವತ್ತೆರಡು ವರ್ಷ ಕಡಿಮೆ.

ಡಂಬೆಲನ್ನು ಸದ್ಯಕ್ಕೆ ಮೂಲೆಯಲ್ಲಿಡಿ. ಊಟದ ಮೇಜಿನ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಎದ್ದು ಕುಳಿತು ಮಾಡಿ. ಕುಳಿತುಕೊಳ್ಳುವಾಗ ಧೊಪ್ಪನೆ ಬೀಳದೆ ಮನಸ್ಸಿನಲ್ಲೇ ಮೂರು ಎಣಿಸುತ್ತ ಇಳಿಯುವುದು ಮುಖ್ಯ. ಎಂಟರಂತೆ ಮೂರು ಸರದಿ, ವಾರಕ್ಕೆ ಎರಡು ಮೂರು ದಿನ. ಹನ್ನೆರಡು ಸಲೀಸಾದ ಮೇಲೆ ಎದೆಗೆ ಎರಡು ಕಿಲೋ ಅಕ್ಕಿಯ ಚೀಲ ಅವುಚಿಕೊಳ್ಳಿ, ಆಮೇಲೆ ಮೂರು, ಆಮೇಲೆ ಐದು. ಅಥವಾ ಕುರ್ಚಿಯ ಬದಲು ಗಿಡ್ಡ ಸ್ಟೂಲು, ಕೊನೆಗೆ ಮಣೆ. ಏಳುವಾಗ ಉಸಿರು ಬಿಗಿಹಿಡಿಯಬೇಡಿ, ರಕ್ತದೊತ್ತಡ ಥಟ್ಟನೆ ಏರುತ್ತದೆ. ಏಳುತ್ತ ಉಸಿರು ಬಿಡಿ. ಮಂಡಿಯಲ್ಲಿ ಊತವಿದ್ದರೆ ಅಥವಾ ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲು ನಿಮ್ಮ ವೈದ್ಯರಿಗೆ ತಿಳಿಸಿ.

ಪ್ರಶ್ನೆ: ನಮ್ಮ ಗರಡಿಯಲ್ಲಿ ದಿನಕ್ಕೆ 500 ಬಸ್ಕಿ ಹೊಡೆಯುತ್ತೇನೆ. ಹಾಗಿದ್ದೂ ಜಿಮ್‌ಗೆ ಹೋಗುವ ಗೆಳೆಯ ನನಗಿಂತ ಹೆಚ್ಚು ಭಾರ ಹೊತ್ತು ಏಳುತ್ತಾನೆ. ಗರಡಿಯ ಕಸರತ್ತಿನಿಂದ ಬಲ ಬರುವುದಿಲ್ಲವೇ? ವ್ಯಾಯಾಮದ ಮರುದಿನ ಮೈನೋವು ಬರುವುದು ಲ್ಯಾಕ್ಟಿಕ್ ಆಮ್ಲದಿಂದ ಎನ್ನುತ್ತಾರೆ, ನಿಜವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬರುತ್ತದೆ, ಆದರೆ ದೇಹ ಕೇಳಿದ್ದನ್ನಷ್ಟೇ ಕೊಡುತ್ತದೆ. 500 ಬಾರಿ ಮಾಡಬಲ್ಲ ಕೆಲಸದಲ್ಲಿ ಒಂದೊಂದು ಬಾರಿಯ ಹೊರೆ ತೀರ ಕಡಿಮೆ. ಹಾಗಾಗಿ ಅದು ಬೆಳೆಸಿದ್ದು ತೊಡೆಯ ತಾಳಿಕೆಯನ್ನು. ನಿಮ್ಮ ಗೆಳೆಯನಿಗೆ 200 ಬಸ್ಕಿ ಹೊಡೆಯಲು ಹೇಳಿ ನೋಡಿ, ಲೆಕ್ಕ ತಿರುಗುತ್ತದೆ. ಮಟ್ಟಿಯಲ್ಲಿ ಎದುರಾಳಿಯೊಡನೆ ನಿಮಿಷಗಟ್ಟಲೆ ಸೆಣಸುವ ಪೈಲ್ವಾನರಿಗೆ ಆ ತಾಳಿಕೆ ಬೇಕೇ ಬೇಕು. ಎದುರಾಳಿಯನ್ನು ಎತ್ತಿ ಒಗೆಯಲು ಮಾತ್ರ ಬೇರೆ ಬಲ ಬೇಕು, ಅದಕ್ಕೆ ಸಂಖ್ಯೆಯನ್ನಲ್ಲ, ಹೊರೆಯನ್ನು ಏರಿಸಬೇಕು. ಹಳಬರಿಗೆ ಇದು ಗೊತ್ತಿರಲಿಲ್ಲವೆಂದೇನೂ ಅಲ್ಲ. ಜೊತೆಗಾರನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಸ್ಕಿ ಹೊಡೆಯುವುದು, ಗುಂಡುಕಲ್ಲು ಎತ್ತುವುದು ಇದೇ ಲೆಕ್ಕದವು. ಹೆಗಲ ಮೇಲಿನ ಗೆಳೆಯನನ್ನು ಪ್ರತಿವಾರ ಎರಡು ಕಿಲೋ ಹೆಚ್ಚಿಸಲಾಗದು ಎಂಬುದಷ್ಟೇ ತೊಡಕು. ಗೊಬ್ಬರದ ಖಾಲಿ ಚೀಲಕ್ಕೆ ಮರಳು ತುಂಬಿ, ತಕ್ಕಡಿಯಲ್ಲಿ ತೂಗಿ, ಬಾಯಿ ಬಿಗಿಯಾಗಿ ಕಟ್ಟಿ ಹೊತ್ತುಕೊಳ್ಳಿ. ಎಂಟು ಬಸ್ಕಿಗೆ ತೊಡೆ ಸಾಕೆನ್ನುವಷ್ಟು ತೂಕ ವಾರಕ್ಕೆ ಎರಡು ದಿನ ಇರಲಿ, ಆ ದಿನಗಳಲ್ಲಿ 500ರ ಲೆಕ್ಕ ಬಿಡಿ.

ಮೈನೋವಿನ ಮಾತು ನಿಜವಲ್ಲ. ಕಸರತ್ತಿನಲ್ಲಿ ಏರಿದ ಲ್ಯಾಕ್ಟೇಟ್ ಸುಮಾರು ಒಂದು ಗಂಟೆಯೊಳಗೆ ರಕ್ತದಲ್ಲಿ ಮೊದಲಿನ ಮಟ್ಟಕ್ಕೆ ಮರಳುತ್ತದೆ, ನೋವು ಜೋರಾಗುವುದು ಒಂದೆರಡು ದಿನ ಕಳೆದ ಮೇಲೆ. ರೂಢಿಯಿಲ್ಲದ ಕೆಲಸದಲ್ಲಿ, ಮುಖ್ಯವಾಗಿ ಭಾರದೊಡನೆ ಕೆಳಗಿಳಿಯುವಾಗ, ಸ್ನಾಯುತಂತುಗಳಿಗಾದ ಸೂಕ್ಷ್ಮ ಪೆಟ್ಟೇ ಅದಕ್ಕೆ ಕಾರಣ. ನೋವು ಬಂದರಷ್ಟೇ ಕಸರತ್ತು ಸಾರ್ಥಕವೆಂಬ ನಂಬಿಕೆಯೂ ತಪ್ಪು.

ಪ್ರಶ್ನೆ: ಜಿಮ್‌ನಲ್ಲಿ ಪ್ರೋಟೀನ್ ಪೌಡರ್ ಇಲ್ಲದೆ ಏನೂ ಆಗದು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡು ಹೊತ್ತೂ ರಾಗಿಮುದ್ದೆ. ಅದು ಸಾಲದೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಮುದ್ದೆಯೊಂದೇ ಸಾಲದು, ಜೊತೆಗಿರುವುದನ್ನು ನೋಡಬೇಕು. ರಾಗಿಯಲ್ಲಿ ಸುಣ್ಣದ ಅಂಶ ಧಾರಾಳ, ಆದರೆ 100 ಗ್ರಾಂ ರಾಗಿಯಲ್ಲಿ ಪ್ರೋಟೀನ್ ಇರುವುದು 7 ಗ್ರಾಂ ಸುಮಾರು. ಅಷ್ಟೇ ಹುರುಳಿಯಲ್ಲಿ 22, ಕಡಲೆಕಾಯಿ ಬೀಜದಲ್ಲಿ 25ರ ಆಸುಪಾಸು, ಒಂದು ಮೊಟ್ಟೆಯಲ್ಲಿ 6. ಭಾರ ಎತ್ತುವವರಿಗೆ ದಿನಕ್ಕೆ ದೇಹತೂಕದ ಕಿಲೋ ಒಂದಕ್ಕೆ 1.6 ಗ್ರಾಂ ಇದ್ದರೆ ಸಾಕು. ಅದಕ್ಕಿಂತ ಹೆಚ್ಚು ತಿಂದದ್ದರಿಂದ ಸ್ನಾಯುವಿಗೆ ಸಿಗುವ ಲಾಭ ಅತ್ಯಲ್ಪ. 60 ಕಿಲೋ ತೂಕದವರಿಗೆ ಇದು 96 ಗ್ರಾಂ ಆಗುತ್ತದೆ. ಹುರುಳಿಕಾಳಿನ ಸಾರನ್ನು ಕಟ್ಟು ಬಸಿದು ಉಣ್ಣುವುದಕ್ಕಿಂತ ಕಾಳುಸಮೇತ ಉಂಡು, ಮೊಟ್ಟೆ, ಹಾಲು, ಮೊಸರು, ಕಡಲೆಕಾಯಿ ಸೇರಿಸಿಕೊಂಡರೆ ಬಹುಪಾಲು ತುಂಬುತ್ತದೆ. ಮಾಂಸ, ಮೊಟ್ಟೆ ಎರಡನ್ನೂ ಮುಟ್ಟದವರಿಗೆ ಅಷ್ಟು ಲೆಕ್ಕ ತುಂಬಿಸುವುದು ಕಷ್ಟ. ಅಂಥವರು ಒಂದು ಚಮಚ ಪೌಡರ್ ಬಳಸಿದರೆ ತಪ್ಪಿಲ್ಲ, ಅದು ಹಾಲಿನಿಂದ ತೆಗೆದ ಪುಡಿಯೇ ಹೊರತು ಔಷಧಿಯಲ್ಲ. ಡಬ್ಬಿಯ ಮೇಲೆ ಒಂದು ಚಮಚಕ್ಕೆ ಎಷ್ಟು ಗ್ರಾಂ ಪ್ರೋಟೀನ್ ಎಂದು ಬರೆದಿದೆಯೋ ಅದನ್ನು ಓದಿಕೊಂಡೇ ದುಡ್ಡು ಕೊಡಿ.