ಕಿರುಚಿತ್ರ ಪ್ರಶ್ನೋತ್ತರ: ತಟ್ಟೆ ಮುಂದೆ ಫೋನು, ಫೋನಿನ ಮುಂದೆ ಕ್ಯಾಮೆರಾ

ಸಾಮಾಜಿಕ ಜಾಲತಾಣಗಳು ನಮ್ಮ ಊಟ-ತಿಂಡಿಯನ್ನು ಹೇಗೆ ಬದಲಿಸುತ್ತಿವೆ ಎಂಬ ವಿಷಯದ ಮೇಲೆ ಕಿರುಚಿತ್ರ ಮಾಡಲು ಹೊರಟ ವಿದ್ಯಾರ್ಥಿಗಳಿಂದ ಈ ಬಾರಿ ಹೆಚ್ಚು ಪತ್ರಗಳು ಬಂದಿವೆ. ಅವುಗಳಲ್ಲಿ ಎಲ್ಲರಿಗೂ ಉಪಯೋಗವಾಗುವಂಥವನ್ನು ಆರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಪತ್ರಿಕೋದ್ಯಮ ವಿಭಾಗದ ಪ್ರಾಜೆಕ್ಟ್‌ಗೆ ಆರು ನಿಮಿಷದ ಚಿತ್ರ ಮಾಡಬೇಕು. ನಮ್ಮ ಕಥೆ: ಹಾಸ್ಟೆಲ್ ಹುಡುಗಿ ದಿನವಿಡೀ ಫುಡ್ ರೀಲ್ಸ್ ನೋಡುತ್ತಾಳೆ, ಹೊರಗಿನದೇ ತಿನ್ನುತ್ತಾಳೆ, ಕಾಯಿಲೆ ಬೀಳುತ್ತಾಳೆ, ಕೊನೆಗೆ ಡಾಕ್ಟರ್ ಬುದ್ಧಿ ಹೇಳುತ್ತಾರೆ. ಇದು ಜಾಹೀರಾತಿನ ಹಾಗಿದೆ ಎಂದು ಮೇಷ್ಟ್ರು ವಾಪಸ್ ಕೊಟ್ಟರು. ಏನು ಮಾಡಲಿ?
(ಪದವಿ ವಿದ್ಯಾರ್ಥಿನಿ, ಹಾಸನ)

ಉತ್ತರ: ಮೊದಲು ಡಾಕ್ಟರ್ ಪಾತ್ರ ತೆಗೆಯಿರಿ. ಆಮೇಲೆ ಕಾಯಿಲೆಯನ್ನೂ ತೆಗೆಯಿರಿ. ತಿಂಗಳುಗಟ್ಟಲೆ ನಡೆಯುವುದನ್ನು ಆರು ನಿಮಿಷಕ್ಕೆ ತುರುಕಿದರೆ ಪ್ರತಿ ದೃಶ್ಯವೂ ವಿವರಣೆಯಾಗುತ್ತದೆ, ಪಾತ್ರಕ್ಕೆ ಉಸಿರಾಡಲು ಜಾಗ ಉಳಿಯುವುದಿಲ್ಲ. ನಿಮ್ಮ ಮೇಷ್ಟ್ರಿಗೆ ಜಾಹೀರಾತು ಅನ್ನಿಸಿದ್ದು ಅದಕ್ಕೇ.

'ಪ್ರಭಾವ' ಅನ್ನುವುದು ಕ್ಯಾಮೆರಾಕ್ಕೆ ಕಾಣುವುದಿಲ್ಲ, ಕೈ ಕಾಣುತ್ತದೆ. ಎಡಗೈ ಹೆಬ್ಬೆರಳು ಪರದೆಯನ್ನು ಮೇಲಕ್ಕೆ ತಳ್ಳುತ್ತಿದೆ, ಬಲಗೈಯ ತುತ್ತು ಬಾಯಿಗೂ ತಟ್ಟೆಗೂ ನಡುವೆ ನಿಂತುಬಿಟ್ಟಿದೆ, ಬೆರಳ ಸಂದಿಯ ಸಾರು ಒಣಗುತ್ತಿದೆ. ಈ ಒಂದು ಶಾಟ್ ಹೇಳುವಷ್ಟನ್ನು ಎರಡು ಪುಟ ಸಂಭಾಷಣೆ ಹೇಳಲಾರದು.

ವಿಷಯವನ್ನೂ ಕಿರಿದು ಮಾಡಿ. ಇದರೊಳಗೆ ಕನಿಷ್ಠ ಮೂರು ಬೇರೆ ಬೇರೆ ಸಂಗತಿಗಳಿವೆ: ನೋಡಿದ್ದು ಬೇಕೆನ್ನಿಸುವುದು, ತಿಂದದ್ದು ಗೊತ್ತಾಗದೆ ಹೋಗುವುದು, ತಿನ್ನಲು ನಾಚಿಕೆಯಾಗುವುದು. ಆರು ನಿಮಿಷಕ್ಕೆ ಒಂದೇ ಸಾಕು. ನಿಮ್ಮ ಹಾಸ್ಟೆಲ್ ಹಿನ್ನೆಲೆಗೆ ಎರಡನೆಯದು ಸರಿಹೊಂದುತ್ತದೆ. ಇಡೀ ಚಿತ್ರ ಒಂದು ರಾತ್ರಿ ಊಟವಾಗಲಿ. ಮೊದಲ ನಿಮಿಷದಲ್ಲಿ ಮೆಸ್ಸಿನ ಸಾಲು, ತಟ್ಟೆಗೆ ಅನ್ನ, ಸಾರು, ಎಲೆಕೋಸಿನ ಪಲ್ಯ. ಆಮೇಲಿನ ಮೂರು ನಿಮಿಷ ಸ್ಟೀಲ್ ಲೋಟಕ್ಕೆ ಒರಗಿಸಿಟ್ಟ ಫೋನು ಮತ್ತು ಅವಳು. ಪಕ್ಕದವಳು ಏನೋ ಕೇಳುತ್ತಾಳೆ, ಇವಳು 'ಹ್ಞೂಂ' ಅನ್ನುತ್ತಾಳೆ. ಅಡುಗೆಯ ಅಕ್ಕ ಇನ್ನೊಂದು ಸೌಟು ಸಾರು ಹಾಕಿದ್ದೂ ಅವಳ ಗಮನಕ್ಕೆ ಬರುವುದಿಲ್ಲ. ತಟ್ಟೆ ತೊಳೆಯುವ ಜಾಗದಲ್ಲಿ ಅದೇ ಅಕ್ಕ, "ಪಲ್ಯಕ್ಕೆ ಉಪ್ಪು ಜಾಸ್ತಿ ಆಗಿತ್ತೇನಮ್ಮ?" ಎಂದು ಕೇಳುತ್ತಾಳೆ. ಹುಡುಗಿಗೆ ಉತ್ತರ ಗೊತ್ತಿಲ್ಲ. ಚಿತ್ರವನ್ನು ಅಲ್ಲೇ ನಿಲ್ಲಿಸಿ, ಮೇಲೊಂದು ಸಾಲು ಬರಹ ಹಾಕಬೇಡಿ.

ಚಿತ್ರಕಥೆಯ ಒಂದು ಪುಟ ಸುಮಾರು ಒಂದು ನಿಮಿಷ ಎಂಬ ಲೆಕ್ಕ ಸಂಭಾಷಣೆ ಇರುವ ಪುಟಕ್ಕೆ ಸರಿ. ಮಾತು ಕಡಿಮೆ ಇರುವ ಈ ಕಥೆ ನಾಲ್ಕು ಪುಟ ದಾಟಿದರೆ ಚಿತ್ರ ಎಂಟು ನಿಮಿಷಕ್ಕೆ ಹೋಗುತ್ತದೆ. ಸುಮಾರು 40 ಶಾಟ್‌ಗಳ ಪಟ್ಟಿ ಮಾಡಿಕೊಂಡರೆ ಎರಡು ಅರ್ಧ ದಿನಗಳಲ್ಲಿ ಮುಗಿಯುತ್ತದೆ.

ಪ್ರಶ್ನೆ: ಫೋನ್ ಪರದೆಯನ್ನು ಇನ್ನೊಂದು ಫೋನಿನಲ್ಲಿ ಶೂಟ್ ಮಾಡಿದರೆ ಕಪ್ಪು ಪಟ್ಟಿಗಳು ಓಡುತ್ತವೆ. ಟ್ಯೂಬ್‌ಲೈಟ್ ಕೆಳಗೆ ಇಡೀ ಚಿತ್ರವೇ ಮಿಟುಕುತ್ತದೆ.
(ಡಿಪ್ಲೊಮಾ ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಇವು ಎರಡು ಬೇರೆ ಕಾಯಿಲೆಗಳು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಹಳೇ ಟ್ಯೂಬ್‌ಲೈಟೂ ಅಗ್ಗದ ಎಲ್‌ಇಡಿಯೂ ಸೆಕೆಂಡಿಗೆ 100 ಸಲ ಮಿಟುಕುತ್ತವೆ. ಶಟರ್ (ಒಂದೊಂದು ಫ್ರೇಮಿಗೂ ಬೆಳಕು ಬೀಳುವ ಹೊತ್ತು) 1/50 ಅಥವಾ 1/100 ಸೆಕೆಂಡು ಇದ್ದರೆ ಅದು ಕಾಣುವುದಿಲ್ಲ. ಫೋನಿನ ಪರದೆ ಸಾಮಾನ್ಯವಾಗಿ ಸೆಕೆಂಡಿಗೆ 60, 90 ಅಥವಾ 120 ಸಲ ಹೊಸದಾಗಿ ಮೂಡುತ್ತದೆ. 60ರ ಪರದೆಗೆ 1/60 ಬೇಕು. ಎರಡನ್ನೂ ಒಂದೇ ಶಾಟ್‌ನಲ್ಲಿ ತೃಪ್ತಿಪಡಿಸುವುದು ಕಷ್ಟ.

ಸುಲಭದ ದಾರಿ: ಇಡೀ ಚಿತ್ರವನ್ನು ಸೆಕೆಂಡಿಗೆ 30 ಫ್ರೇಮ್‌ನಲ್ಲಿ ತೆಗೆಯಿರಿ. ಟ್ಯೂಬ್‌ಲೈಟ್ ದೃಶ್ಯಗಳಿಗೆ ಶಟರ್ 1/50. ಪರದೆಯ ಕ್ಲೋಸಪ್‌ಗಳನ್ನು ಹಗಲಲ್ಲಿ ಕಿಟಕಿ ಬೆಳಕಿನಲ್ಲಿ, ದೀಪ ಆರಿಸಿ, 1/60ರಲ್ಲಿ ತೆಗೆಯಿರಿ. ರಾತ್ರಿ ದೃಶ್ಯವಾದರೆ ಕಿಟಕಿಗೆ ದಪ್ಪ ಪರದೆ ಎಳೆದು ಸ್ವಲ್ಪವೇ ಬೆಳಕು ಬಿಡಿ. ನಟಿಯ ಫೋನಿನ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟನ್ನು 60ಕ್ಕೆ ಇಳಿಸಿ, ಆಟೋ ಬ್ರೈಟ್‌ನೆಸ್ ಆಫ್ ಮಾಡಿ. ಒಎಲ್‌ಇಡಿ ಪರದೆಯ ಬ್ರೈಟ್‌ನೆಸ್ ತೀರಾ ಇಳಿಸಬೇಡಿ. ಆರಿ ಹತ್ತುವ ಆ ಪರದೆ ಮಂದವಾದಷ್ಟೂ ಪ್ರತಿ ಸಲ ಹೆಚ್ಚು ಹೊತ್ತು ಆರಿರುತ್ತದೆ, ಪಟ್ಟಿ ಮತ್ತೆ ಬರುತ್ತದೆ. ಪರದೆ ಬಿಳಿಚಿಕೊಂಡರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಇಳಿಸಿ, ಶಟರ್ ಮುಟ್ಟಬೇಡಿ. ಇದಕ್ಕೆಲ್ಲ ಮ್ಯಾನ್ಯುವಲ್ ಹಿಡಿತ ಕೊಡುವ ಆಪ್ ಬೇಕು, ಉಚಿತವಾದ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಸಾಕು.

ಪರದೆಯಲ್ಲಿ ನಿಜವಾದ ಆಪ್ ತೆರೆಯಬೇಡಿ. ಬೇರೆಯವರ ವಿಡಿಯೊ, ಹಾಡು, ಹೆಸರು ನಿಮ್ಮ ಚಿತ್ರಕ್ಕೆ ನುಗ್ಗಿಬಿಡುತ್ತವೆ, ಹಕ್ಕುಸ್ವಾಮ್ಯದ ತಕರಾರು ಶುರುವಾಗುತ್ತದೆ. ನೀವೇ ಹತ್ತಾರು ಚಿಕ್ಕ ರೀಲ್‌ಗಳನ್ನು ಚಿತ್ರೀಕರಿಸಿ. ಒಂದರಿಂದ ಇನ್ನೊಂದಕ್ಕೆ ಜಾರುವ ಚಲನೆಯನ್ನೂ ಸೇರಿಸಿ 1080x1920 ಅಳತೆಯ ಒಂದೇ ಉದ್ದ ವಿಡಿಯೊ ಮಾಡಿ. ಅದು ಓಡುತ್ತಿರುವಾಗ ನಟಿ ತಾಳಕ್ಕೆ ಸರಿಯಾಗಿ ಹೆಬ್ಬೆರಳು ಆಡಿಸಬೇಕು. ಸ್ವಲ್ಪ ಅಭ್ಯಾಸ ಮಾಡಿಸಿ.

ಪ್ರಶ್ನೆ: ನಮ್ಮ ಚಿತ್ರದಲ್ಲಿ ತಿಂಡಿ ಪೇಲವವಾಗಿ ಕಾಣುತ್ತದೆ. ರೀಲ್ಸ್‌ನಲ್ಲಿ ಅಷ್ಟು ಚೆನ್ನಾಗಿ ಹೇಗೆ ಬರುತ್ತದೆ?
(ದೃಶ್ಯ ಸಂವಹನ ವಿದ್ಯಾರ್ಥಿಗಳು, ದಾವಣಗೆರೆ)

ಉತ್ತರ: ಗುಟ್ಟು ಇರುವುದು ಹಿಂಬದಿ ಬೆಳಕಿನಲ್ಲಿ. ಕಿಟಕಿ ತಟ್ಟೆಯ ಹಿಂದೆ ಅಥವಾ ಹಿಂಬದಿಯ ಪಕ್ಕದಲ್ಲಿರಲಿ, ಕ್ಯಾಮೆರಾದ ಬೆನ್ನಿಗೆ ಬೇಡ. ಮುಂದಿನಿಂದ ಬಿಳಿ ಥರ್ಮೊಕೋಲ್ ಹಿಡಿದರೆ ನೆರಳು ತುಂಬಿಕೊಳ್ಳುತ್ತದೆ. ಟ್ಯೂಬ್‌ಲೈಟ್ ಆರಿಸಿ, ಬಣ್ಣದ ಹದ ನಿರ್ಧರಿಸುವ ವೈಟ್ ಬ್ಯಾಲೆನ್ಸನ್ನು 5600 ಕೆಲ್ವಿನ್‌ಗೆ ಲಾಕ್ ಮಾಡಿ. ಹಗಲು ಬೆಳಕೂ ಟ್ಯೂಬ್‌ಲೈಟೂ ಬೆರೆತರೆ ಅರಿಸಿನ ಹಾಕಿದ ಪದಾರ್ಥಕ್ಕೆಲ್ಲ ಹಸಿರು ಛಾಯೆ ಬರುತ್ತದೆ. ಹಬೆ ಕಾಣಬೇಕಾದರೆ ಫ್ಯಾನ್ ನಿಲ್ಲಿಸಿ, ಹಿನ್ನೆಲೆಗೆ ಕಪ್ಪು ಬಟ್ಟೆ ಕಟ್ಟಿ, ತಟ್ಟೆಯ ಹಿಂದೆ ಕುದಿನೀರಿನ ಲೋಟ ಬಚ್ಚಿಡಿ.

ಬೆಣ್ಣೆ ದೋಸೆ ಐದು ನಿಮಿಷಕ್ಕೆ ಮೆತ್ತಗಾಗುತ್ತದೆ. ಫೋಕಸ್ಸು, ಬೆಳಕು ನೋಡಿಕೊಳ್ಳಲು ಒಂದು ದೋಸೆಯನ್ನು ಬಲಿ ಕೊಡಿ, ಎಲ್ಲ ಸಿದ್ಧವಾದ ಮೇಲೆ ಶಾಟ್‌ಗೆ ಹೊಸದು ಹುಯ್ಯಿರಿ. ಎಂಟು ದೋಸೆಯ ಹಿಟ್ಟು ಇಟ್ಟುಕೊಳ್ಳಿ. ಬಿಸಿಬೇಳೆ ಬಾತ್ ಆರಿದಂತೆ ಗಟ್ಟಿಯಾಗುತ್ತದೆ, ಬಿಸಿನೀರು ಸೇರಿಸಿ ಸಡಿಲಿಸಿ. ಮುದ್ದೆಯ ಮೇಲ್ಮೈ ಬಿರುಕು ಬಿಟ್ಟರೆ ಒದ್ದೆ ಕೈಯಲ್ಲಿ ಸವರಿ.

ಆದರೆ ಇಲ್ಲಿ ನಿಲ್ಲಿ. ಎಲ್ಲ ಶಾಟ್‌ನಲ್ಲೂ ತಿಂಡಿಯನ್ನು ಹೀಗೆ ಹೊಳೆಯಿಸಿದರೆ ನಿಮ್ಮ ಚಿತ್ರವೇ ಇನ್ನೊಂದು ಫುಡ್ ರೀಲ್ ಆಗುತ್ತದೆ. ಪ್ರೇಕ್ಷಕರು ಬಾಯಲ್ಲಿ ನೀರೂರಿಸಿಕೊಂಡು ಎದ್ದು ಹೋಗುತ್ತಾರೆ. ಈ ವಿಷಯದ ಮೇಲೆ ಬರುವ ಬಹುತೇಕ ವಿದ್ಯಾರ್ಥಿ ಚಿತ್ರಗಳು ಸೋಲುವುದು ಇಲ್ಲೇ. ಒಂದು ನಿಯಮ ಮಾಡಿಕೊಳ್ಳಿ: ಫೋನಿನ ಒಳಗೆ ಕಾಣುವ ತಿಂಡಿಗೆ ಮಾತ್ರ ಹಿಂಬದಿ ಬೆಳಕು, ಹಬೆ, ಗಾಢ ಬಣ್ಣ, ಉದ್ದುದ್ದ ಚೌಕಟ್ಟು. ಹೊರಗಿನ ತಟ್ಟೆ ಮೇಲಿನಿಂದ ಬೀಳುವ ಸಾದಾ ಬೆಳಕಿನಲ್ಲೇ, ಅಡ್ಡ ಚೌಕಟ್ಟಿನಲ್ಲೇ ಇರಲಿ. ಒಂದೇ ಬೆಣ್ಣೆ ದೋಸೆಯನ್ನು ಎರಡು ರೀತಿಯಲ್ಲೂ ತೆಗೆದು ಬೆನ್ನು ಬೆನ್ನಿಗೆ ಕತ್ತರಿಸಿ ನೋಡಿ. ಹೇಳಬೇಕಾದದ್ದನ್ನು ಆ ಒಂದು ಕಟ್ ಹೇಳುತ್ತದೆ.

ಪ್ರಶ್ನೆ: ತಿನ್ನುವ ದೃಶ್ಯ ಎಂಟು ಟೇಕ್ ಆಯಿತು. ನಟನಿಗೆ ವಾಕರಿಕೆ ಬಂತು, ತಟ್ಟೆಯಲ್ಲಿನ ಅನ್ನವೂ ಶಾಟ್‌ನಿಂದ ಶಾಟ್‌ಗೆ ಹೊಂದುತ್ತಿಲ್ಲ.
(ಎಂಜಿನಿಯರಿಂಗ್ ವಿದ್ಯಾರ್ಥಿ, ಮಂಗಳೂರು)

ಉತ್ತರ: ಅರ್ಧ ತುತ್ತು ಸಾಕು, ಬಾಯಿಗೆ ಹೋದ ಮೇಲೆ ಕಟ್. ಉಗಿಯಲು ಪಕ್ಕದಲ್ಲಿ ಪಾತ್ರೆ ಇರಲಿ, ಅದರಲ್ಲಿ ಸಂಕೋಚ ಬೇಡ. ವೈಡ್ ಶಾಟ್‌ಗಳನ್ನು ಮೊದಲು ಮುಗಿಸಿ, ಕ್ಲೋಸಪ್ ಆಮೇಲೆ. ಪ್ರತಿ ಟೇಕ್‌ನ ಆರಂಭದಲ್ಲೂ ಕೊನೆಯಲ್ಲೂ ತಟ್ಟೆಯ ಫೋಟೊ ತೆಗೆಯಲು ಒಬ್ಬರನ್ನು ನೇಮಿಸಿ. ಅನ್ನವನ್ನು ಒಂದೇ ಕಪ್ಪಿನಲ್ಲಿ ಅಳೆದು ಬಡಿಸಿದರೆ ಮುಂದಿನ ಟೇಕ್‌ಗೆ ಹೊಂದಿಸುವುದು ಸುಲಭ. ಹೊರಗಿಟ್ಟ ಅನ್ನವನ್ನು ಎರಡು ಗಂಟೆಯ ನಂತರ ಯಾರಿಗೂ ತಿನ್ನಿಸಬೇಡಿ.

ಪ್ರಶ್ನೆ: 'ನಾನು ದಿನಕ್ಕೆ ಇಷ್ಟೇ ತಿನ್ನುವುದು' ಎಂಬ ವಿಡಿಯೊಗಳನ್ನು ನೋಡಿ ಊಟ ಬಿಡುವ ಹುಡುಗಿ ನಮ್ಮ ನಾಯಕಿ. ತೂಕದ ಯಂತ್ರ, ಕ್ಯಾಲೊರಿ ಲೆಕ್ಕ ತೋರಿಸಿದರೆ ಪರಿಣಾಮ ಹೆಚ್ಚಲ್ಲವೇ?
(ಮನಃಶಾಸ್ತ್ರ ವಿದ್ಯಾರ್ಥಿನಿ, ಬೆಂಗಳೂರು)

ಉತ್ತರ: ಪರಿಣಾಮ ಹೆಚ್ಚುತ್ತದೆ, ಆದರೆ ಆಗಬಾರದವರ ಮೇಲೆ. ಅದೇ ಸಂಕಟದಲ್ಲಿರುವ ಹುಡುಗಿಯೊಬ್ಬಳು ಸಭಾಂಗಣದಲ್ಲಿದ್ದರೆ ತೂಕದ ಅಂಕಿ ಅವಳಿಗೆ ಎಚ್ಚರಿಕೆಯಾಗುವುದಿಲ್ಲ, ಗುರಿಯಾಗುತ್ತದೆ. ಕಿಲೋ, ಕ್ಯಾಲೊರಿ, ಟೇಪಿನ ಅಳತೆ, 'ಮೊದಲು-ಆಮೇಲೆ' ಚಿತ್ರ, ಊಟ ತಪ್ಪಿಸುವ ಉಪಾಯಗಳು, ಇವು ಯಾವುವೂ ಬೇಡ. ಬದಲಿಗೆ ಬೇರೆಯವರಿಗೆ ಕಾಣುವುದನ್ನು ತೋರಿಸಿ: "ಈಗ ತಾನೇ ತಿಂದೆ" ಎಂಬ ಮಾತು, ತಟ್ಟೆಯಲ್ಲೇ ಕಲಸುತ್ತ ಕೂರುವುದು, ಹುಟ್ಟುಹಬ್ಬದ ಕೇಕ್ ಬಂದಾಗ ಬಾಗಿಲ ಕಡೆ ಸರಿಯುವುದು. ಚಿತ್ರಕಥೆಯನ್ನು ಕಾಲೇಜಿನ ಆಪ್ತಸಮಾಲೋಚಕರಿಗೆ ಓದಲು ಕೊಡಿ. ನಟಿಗೆ ಪಾತ್ರಕ್ಕಾಗಿ ಉಪವಾಸ ಇರಲು ಹೇಳಲೇಬೇಡಿ. ಕೊನೆಯ ಶೀರ್ಷಿಕೆಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416 ಹಾಕಿ. ಇದು ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಪ್ರಶ್ನೆ: ಚಿತ್ರದಲ್ಲಿ ನಂಬಬಹುದಾದ ಮಾಹಿತಿ ಬಳಸಬೇಕು. ಇಂಟರ್ನೆಟ್‌ನಲ್ಲಿ ಸಿಗುವ ಶೇಕಡಾವಾರು ಅಂಕಿಗಳನ್ನು ಹಾಕಬಹುದೇ? ತಿಂದಾಗ ಬಾಯಿಂದ ಹೊಗೆ ಬರುವ ಹೊಗೆ ಬಿಸ್ಕತ್ತಿನ ದೃಶ್ಯವೂ ಇದೆ.
(ಪದವಿಪೂರ್ವ ವಿದ್ಯಾರ್ಥಿಗಳ ತಂಡ, ತುಮಕೂರು)

ಉತ್ತರ: ಯಾರು, ಯಾವಾಗ, ಎಷ್ಟು ಜನರನ್ನು ಅಳೆದರು ಎಂದು ಹೇಳಲಾಗದ ಅಂಕಿಯನ್ನು ಬಿಟ್ಟುಬಿಡಿ. ಬಳಸಬಹುದಾದ ಒಂದು ಉದಾಹರಣೆ: ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನ. 9ರಿಂದ 11 ವರ್ಷದ 176 ಮಕ್ಕಳಿಗೆ ಜನಪ್ರಿಯ ಯೂಟ್ಯೂಬರ್‌ಗಳ ಇನ್‌ಸ್ಟಾಗ್ರಾಂ ಪುಟದ ಮಾದರಿ ತೋರಿಸಿದರು. ಕೆಲವರಿಗೆ ಜಂಕ್ ತಿಂಡಿ ಹಿಡಿದ ಚಿತ್ರ, ಕೆಲವರಿಗೆ ಆರೋಗ್ಯಕರ ತಿಂಡಿ, ಉಳಿದವರಿಗೆ ತಿಂಡಿಯಲ್ಲದ ವಸ್ತು. ಆಮೇಲೆ ತಿನ್ನಲು ಕೊಟ್ಟಾಗ ಮೊದಲ ಗುಂಪು ಸರಾಸರಿ 448 ಕಿಲೋಕ್ಯಾಲೊರಿ ತಿಂದಿತು, ಮೂರನೆಯ ಗುಂಪು 357. ಆರೋಗ್ಯಕರ ತಿಂಡಿ ತೋರಿಸಿದ್ದರಿಂದ ಅಂಥ ತಿಂಡಿಯ ಸೇವನೆ ಗಮನಾರ್ಹವಾಗಿ ಹೆಚ್ಚಲಿಲ್ಲ. ಇದು ಒಂದು ಸಲದ ತಿಂಡಿಯ ಅಳತೆ ಮಾತ್ರ, ಇದರಿಂದ ಮಕ್ಕಳು ದಪ್ಪಗಾಗುತ್ತಾರೆ ಎಂದು ಬರೆದರೆ ತಪ್ಪು.

ನಮ್ಮಲ್ಲೇ ನಡೆದದ್ದೂ ಇದೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಬಾಂಬೆ ಮಿಠಾಯಿಯಲ್ಲಿ ಮತ್ತು ಗೋಬಿ ಮಂಚೂರಿಯಲ್ಲಿ ರೋಡಮೈನ್-ಬಿ ಬಣ್ಣ ಬಳಸುವುದನ್ನು ನಿಷೇಧಿಸಿತು. ಕಣ್ಣಿಗೆ ಕುಕ್ಕುವ ಕೆಂಪು ಪರದೆಯ ಮೇಲೆ ಯಾಕೆ ಗೆಲ್ಲುತ್ತದೆ ಎಂದು ಕೇಳುವ ಚಿತ್ರಕ್ಕೆ ಇದಕ್ಕಿಂತ ಹತ್ತಿರದ ವಿಷಯ ಬೇಕಿಲ್ಲ.

ಹೊಗೆ ಬಿಸ್ಕತ್ತಿಗೆ ಬಳಸುವ ದ್ರವ ಸಾರಜನಕ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನದು. ಆವಿಯಾಗದೆ ಹೊಟ್ಟೆಗೆ ಹೋದರೆ ಒಳಗೇ ಹಿಗ್ಗಿ ಅಂಗಾಂಶವನ್ನು ಹರಿಯಬಲ್ಲದು. ಅದನ್ನು ಸೆಟ್‌ಗೆ ತರಲೇಬೇಡಿ. ಡ್ರೈ ಐಸ್ ಕೂಡ ಬೇಡ, ಮುಚ್ಚಿದ ಕೋಣೆಯಲ್ಲಿ ಅದರ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಕಪ್ಪು ಹಿನ್ನೆಲೆಯ ಮುಂದೆ ಎಲೆಕ್ಟ್ರಿಕ್ ಕೆಟಲ್‌ನ ಹಬೆಯನ್ನು ಬೇರೆ ತೆಗೆದು, ಎಡಿಟಿಂಗ್‌ನಲ್ಲಿ 'ಸ್ಕ್ರೀನ್' ಮೋಡ್‌ನಲ್ಲಿ ಬಾಯಿಯ ಮೇಲೆ ಕೂರಿಸಿ, ಕಪ್ಪು ಮಾಯವಾಗಿ ಹಬೆ ಮಾತ್ರ ಉಳಿಯುತ್ತದೆ.

ನಿಮ್ಮ ನಕಲಿ ರೀಲ್‌ನಲ್ಲಿ ಹೋಟೆಲಿನವರು ದುಡ್ಡು ಕೊಟ್ಟು ಮಾಡಿಸಿದ ಪ್ರಚಾರ ಇದ್ದರೆ ಒಂದು ವಿವರ ಕೆಲಸಕ್ಕೆ ಬರುತ್ತದೆ. ಭಾರತದ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ತಂದ ಮಾರ್ಗಸೂಚಿ ಪ್ರಕಾರ 15 ಸೆಕೆಂಡಿನೊಳಗಿನ ವಿಡಿಯೊದಲ್ಲಿ 'ಜಾಹೀರಾತು' ಎಂಬ ಪಟ್ಟಿ ಕನಿಷ್ಠ 3 ಸೆಕೆಂಡು ಇರಬೇಕು. 15 ಸೆಕೆಂಡಿನಿಂದ 2 ನಿಮಿಷದವರೆಗಿನದಕ್ಕೆ ಒಟ್ಟು ಅವಧಿಯ ಮೂರನೇ ಒಂದು ಭಾಗ. ಮೂಲೆಯಲ್ಲಿ ಅರೆಕ್ಷಣ ಮಿಂಚಿ ಮರೆಯಾಗುವ ಪಟ್ಟಿ, ಅದನ್ನು ನೋಡದೆ ಸರಿಸುವ ಹೆಬ್ಬೆರಳು: ಬರೆದ ಹಾಗೇ ಒಂದು ಶಾಟ್.

ಪ್ರಶ್ನೆ: ಕುರುಕಲು ತಿನ್ನುವ ಸದ್ದು ಚೆನ್ನಾಗಿ ಬರಬೇಕು. ಬೇರೆ ಫೋನಿನಲ್ಲಿ ಧ್ವನಿ ಮುದ್ರಿಸಿದರೆ ಕೊನೆಗೆ ತುಟಿ ಒಂದು ಕಡೆ, ಮಾತು ಒಂದು ಕಡೆ.
(ವಿದ್ಯಾರ್ಥಿ, ಕಲಬುರಗಿ)

ಉತ್ತರ: ಫೋನುಗಳು ಫ್ರೇಮ್ ದರವನ್ನು ಒಂದೇ ಸಮ ಇಡುವುದಿಲ್ಲ, ಹಾಗಾಗಿ ನಿಮಿಷಗಳು ಕಳೆದಂತೆ ಧ್ವನಿ ಜಾರುತ್ತದೆ. ಎಡಿಟಿಂಗ್‌ಗೆ ಮೊದಲು ಎಲ್ಲ ತುಣುಕುಗಳನ್ನೂ ಉಚಿತವಾದ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ 'ಕಾನ್‌ಸ್ಟಂಟ್ ಫ್ರೇಮ್‌ರೇಟ್' 30 ಆರಿಸಿ ಪರಿವರ್ತಿಸಿ, ಗುಣಮಟ್ಟ ಆರ್‌ಎಫ್ 18 ಇರಲಿ. ಟೇಕ್‌ನ ಮೊದಲಲ್ಲೂ ಕೊನೆಯಲ್ಲೂ ಚಪ್ಪಾಳೆ ಹೊಡೆದರೆ ಜಾರಿದ್ದು ಅಲ್ಲೇ ಗೊತ್ತಾಗುತ್ತದೆ.

ಜಗಿಯುವ ಸದ್ದನ್ನು ಆಮೇಲೆ ಬೇರೆಯಾಗಿ ಮಾಡಿ. ಹಪ್ಪಳ, ಕೋಡುಬಳೆ, ಹಸಿ ಕ್ಯಾರೆಟ್‌ಗಳನ್ನು ಮೈಕಿನಿಂದ 15 ಸೆಂಟಿಮೀಟರ್ ದೂರದಲ್ಲಿ ಮುರಿಯಿರಿ, ಗರಿಷ್ಠ ಮಟ್ಟ ಮೈನಸ್ 12 ಡೆಸಿಬಲ್ ದಾಟದಿರಲಿ. ಖಾಲಿ ಕೋಣೆಯ ಸದ್ದನ್ನೂ 30 ಸೆಕೆಂಡು ಮುದ್ರಿಸಿಕೊಳ್ಳಿ, ಕಟ್‌ಗಳ ನಡುವಿನ ಗುಂಡಿ ಮುಚ್ಚಲು ಬೇಕು. ಫ್ರಿಜ್ ಆಫ್ ಮಾಡುವುದಾದರೆ ಬೈಕಿನ ಕೀಲಿಯನ್ನು ಅದರೊಳಗೇ ಇಡಿ, ಮತ್ತೆ ಆನ್ ಮಾಡದೆ ಯಾರೂ ಮನೆಗೆ ಹೋಗಲಾರರು.

ಪ್ರಶ್ನೆ: ಬೀದಿ ತಿಂಡಿ ಅಂಗಡಿಯಲ್ಲಿ ಶೂಟ್ ಮಾಡಲು ಅನುಮತಿ ಬೇಕೇ? ಕನ್ನಡ ಸಬ್‌ಟೈಟಲ್‌ನಲ್ಲಿ ಒತ್ತಕ್ಷರ ಒಡೆಯುತ್ತಿದೆ.
(ವಿದ್ಯಾರ್ಥಿನಿ, ಮೈಸೂರು)

ಉತ್ತರ: ಅಂಗಡಿಯವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ, ಚಿತ್ರ ಯಾವುದರ ಬಗ್ಗೆ ಎಂದು ಮುಚ್ಚಿಡದೆ ಹೇಳಿ. ಅವರ ಫಲಕ ಫ್ರೇಮ್‌ನಲ್ಲಿ ಬಂದು, ಕಥೆಯಲ್ಲಿ ತಿಂಡಿ ಕೆಟ್ಟದು ಅನ್ನಿಸಿದರೆ ಹೊಟ್ಟೆಪಾಡಿಗೆ ಪೆಟ್ಟು ಬೀಳುವುದು ಅವರಿಗೇ. ಅಂಥ ದೃಶ್ಯಕ್ಕೆ ಕಾಲೇಜು ಕ್ಯಾಂಟೀನಿನಲ್ಲಿ ನಿಮ್ಮದೇ ಗಾಡಿ ಹಾಕಿ. 18 ವರ್ಷದೊಳಗಿನ ನಟರಿಗೆ ಪೋಷಕರ ಸಹಿ ಬೇಕು.

ಸಬ್‌ಟೈಟಲನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ನುಡಿ ತಂತ್ರಾಂಶದ ಹಳೇ ಆಸ್ಕಿ ಅಕ್ಷರಗಳು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಇಂಗ್ಲಿಷ್ ಗೀಚಾಗಿ ಕಾಣುತ್ತವೆ. ಎಡಿಟಿಂಗ್‌ಗೆ ಪ್ರೀಮಿಯರ್ ತಂತ್ರಾಂಶ ಬಳಸುವುದಾದರೆ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ದಕ್ಷಿಣ ಏಷ್ಯಾದ ಪಠ್ಯ ಎಂಜಿನ್ ಆರಿಸಿಕೊಳ್ಳಬೇಕು. ಫಾಂಟ್‌ಗೆ ನೋಟೊ ಸ್ಯಾನ್ಸ್ ಕನ್ನಡ ಸಾಕು. ಎರಡು ಸಾಲಿನ ಅಂತರ ಹೆಚ್ಚಿಸಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. 'ಸ್ವಾತಂತ್ರ್ಯ' ಎಂದು ಬರೆದು ಪರೀಕ್ಷಿಸಿ. ಅದು ಸರಿಯಾಗಿ ಮೂಡಿದರೆ ಉಳಿದ ಒತ್ತಕ್ಷರಗಳೂ ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತವೆ. ಕೊನೆಯ ಪ್ರತಿಯಲ್ಲಿ ಸಬ್‌ಟೈಟಲನ್ನು ಚಿತ್ರದ ಮೇಲೇ ಅಚ್ಚೊತ್ತಿ ಕೊಡಿ, ಬೇರೆ ಫೈಲ್ ಕೊಟ್ಟರೆ ಸಭಾಂಗಣದ ಪ್ಲೇಯರ್ ಅದನ್ನು ತೋರಿಸುತ್ತದೆ ಎಂಬ ಖಾತರಿ ಇಲ್ಲ.