‘ನನ್ನ ಕೈಯಾರೆ ಆಗಬಾರದು ಮೇಡಂ’

ನಾನು ಆಪ್ತಸಲಹೆಗಾರ್ತಿ. ಮಗುವಿಗೆ ಲಸಿಕೆ ಹಾಕಿಸಲು ಹೆದರುವ ಇಂಥ ತಾಯಂದಿರು ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಹೆಸರು, ಊರು ಬೇಡ.

ಒಬ್ಬ ತಾಯಿ. ಅವಳ ದೊಡ್ಡ ಮಗನಿಗೆ ದಡಾರ-ರುಬೆಲ್ಲಾ ಚುಚ್ಚುಮದ್ದು ಹಾಕಿಸಿದ ಎಂಟನೇ ದಿನ ಜ್ವರ ಏರಿ ಫಿಟ್ಸ್ ಬಂದಿತ್ತು. ಎರಡೇ ನಿಮಿಷ. ಹುಡುಗ ಈಗ ಶಾಲೆಗೆ ಹೋಗುತ್ತಾನೆ, ಚೆನ್ನಾಗಿದ್ದಾನೆ. ಚಿಕ್ಕವಳಿಗೆ 11 ತಿಂಗಳು. ತಾಯಿ ಕಾರ್ಡಿನಲ್ಲಿ ಈ ಲಸಿಕೆಯ ಸಾಲು ಮಾತ್ರ ಖಾಲಿ. ಆಶಾ ಕಾರ್ಯಕರ್ತೆ ಬಂದಾಗಲೆಲ್ಲ ‘ಮಗುವಿಗೆ ನೆಗಡಿ’ ಅಂತ ಹೇಳಿ ಕಳಿಸುತ್ತಿದ್ದಳು.

ಮೊದಲ ಸಲ ನಾನು ಅಂಕಿ ಹೇಳಿದೆ. ಲಸಿಕೆಯಿಂದ ಜ್ವರದ ಫಿಟ್ಸ್ ಬರುವುದು ಸುಮಾರು 3,000–4,000 ಡೋಸಿಗೆ ಒಂದು. ದಡಾರವೇ ಬಂದರೆ 20 ಮಕ್ಕಳಲ್ಲಿ ಒಂದಕ್ಕೆ ನ್ಯುಮೋನಿಯಾ, ಸಾವಿರದಲ್ಲಿ ಒಂದಕ್ಕೆ ಮಿದುಳಿಗೇ ಬಾವು. ತಲೆಯಾಡಿಸಿ ಹೋದಳು. ಹಾಕಿಸಲಿಲ್ಲ.

ಎರಡನೇ ಸಲ ಸುಮ್ನೆ ಕೇಳಿದೆ: “ಅವತ್ತು ಫಿಟ್ಸ್ ಬಂದಾಗ ಮನೇಲಿ ಯಾರಿದ್ರು?”

ಸೆರಗಿನ ತುದಿ ಸುತ್ತುತ್ತ ತುಂಬ ಹೊತ್ತು ಕೂತಳು. “ಅತ್ತೆ ಇದ್ರು ಮೇಡಂ. ಚೆನ್ನಾಗಿದ್ದ ಮಗೂನ ಎತ್ಕೊಂಡು ಹೋಗಿ ಚುಚ್ಚಿಸಿದ್ದು ನೀನೇ ಅಲ್ವಾ ಅಂದ್ರು. ದಡಾರ ಬಂದ್ರೆ ಅಮ್ಮ ಬಂದಳು ಅಂತಾರೆ, ಯಾರೂ ನನ್ನ ಬಯ್ಯಲ್ಲ. ಸೂಜಿಯಿಂದ ಏನಾದ್ರೂ ಆದ್ರೆ ಅದು ನನ್ನ ಕೈಯಾರೆ ಆಗಿದ್ದು.”

ತಕ್ಕಡಿಯಲ್ಲಿ ಅವಳು ಇಟ್ಟಿದ್ದದ್ದು ಅತ್ತೆಯ ಆ ಮಾತು. ಅದರ ಮುಂದೆ ನನ್ನ ಯಾವ ಅಂಕಿ ತೂಗೀತು?

ಆಪ್ತಸಲಹೆಗಾರರು ‘ಹೀಗೇ ಮಾಡಿ’ ಅನ್ನಬಾರದು ಅಂತ ನಮಗೆ ಕಲಿಸುತ್ತಾರೆ. ನಾನು ಅಂದೆ. ಲಸಿಕೆ ಹಾಕಿಸಿ ಅಂದೆ. ತಪ್ಪು ಅನ್ನುವವರು ಅನ್ನಲಿ. 11 ತಿಂಗಳ ಮಗು ನನ್ನೆದುರು ಕೂತು ತನ್ನ ಪರ ಮಾತಾಡಲಾರದು. ಹಾಕಿಸದೆ ಕೂರುವುದೂ ನಾವೇ ಮಾಡಿದ ತೀರ್ಮಾನ. ಅದನ್ನು ದೇವಿ ಅಮ್ಮನ ಮೇಲೆ ಹೊರಿಸಬಾರದು.

ಆದರೆ ಒಬ್ಬರೇ ಹೋಗಬೇಡಿ, ಗಂಡನ ಜೊತೆ ಅತ್ತೆಯನ್ನೂ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಅಂದೆ. ಅಣ್ಣನ ಫಿಟ್ಸ್ ವಿಷಯ ಅತ್ತೆಯೇ ಹೇಳಲಿ.

ಹೋದರು. ಅಣ್ಣನಿಗೆ ಬಂತು ಅಂತ ತಂಗಿಗೆ ಲಸಿಕೆ ನಿಲ್ಲಿಸಬೇಕಿಲ್ಲ ಎಂದರು ಡಾಕ್ಟರು. ಜ್ವರ ಬರುವುದಾದರೆ ಸಾಮಾನ್ಯವಾಗಿ ಆರರಿಂದ ಹನ್ನೆರಡನೇ ದಿನದೊಳಗೆ. ಆ ದಿನಗಳಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರು. ಮಗುವಿನ ತೂಕಕ್ಕೆ ಪ್ಯಾರಸಿಟಮಾಲ್ ಎಷ್ಟು ಅಂತ ಬರೆಸಿಕೊಂಡರು. ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ಏನೂ ಹಾಕಬಾರದು, ಗಡಿಯಾರ ನೋಡಬೇಕು. 5 ನಿಮಿಷ ದಾಟಿದರೆ ತಕ್ಷಣ ಆಸ್ಪತ್ರೆ. ಬೇಗ ನಿಂತರೂ ಡಾಕ್ಟರಿಗೆ ತೋರಿಸಲೇಬೇಕು. “ಕೈಗೆ ಕಬ್ಬಿಣ ಕೊಡಬಾರದಾ?” ಅಂತ ಅತ್ತೆ ಕೇಳಿದರಂತೆ. ಬೇಡ ಅಂದಾಗ ಒಪ್ಪಿಕೊಂಡರಂತೆ.

ಲಸಿಕೆ ಹಾಕಿಸಿದ ಒಂಬತ್ತನೇ ದಿನ ರಾತ್ರಿ ನನಗೆ ಫೋನ್ ಬಂತು. ಅತ್ತೆಯದು.

“ನೂರಾ ಒಂದು ಇದೆ ಮೇಡಂ. ಔಷಧಿ ಹಾಕಿದೀವಿ, ಹಾಲು ಕುಡಿದಿದೆ. ಇವಳನ್ನ ಮಲಗೋಕೆ ಕಳಿಸಿದೀನಿ, ನಾನು ಎದ್ದಿರ್ತೀನಿ.”